ಆಧುನಿಕ ಉಡುಪುಗಳಲ್ಲಿ ಕಸೂತಿ

ಕಸೂತಿಯು ಉತ್ತರ ಕರ್ನಾಟಕದ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಮತ್ತು ಗದಗ ಸೀಮೆಯಲ್ಲಿ ಬೆಳೆದುಬಂದ ಸೂಜಿದಾರದ ಕೈಕೆಲಸ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಅದರ ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಚಿತ್ತಾರವನ್ನು ಮೂಡಿಸುವುದು ಇದರ ಮುಖ್ಯ ಲಕ್ಷಣ. ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ ಹಾಗೂ ಕೂಸುಗಳ ಕುಂಚಿಗೆ ಕುಲಾವಿಗಳಲ್ಲಿ ಕಾಣುತ್ತಿದ್ದ ಈ ಕಲೆಯು ಈಗ ಕುರ್ತಾ, ದುಪಟ್ಟಾ, ಅಂಗಿ, ರೇಷ್ಮೆ ಸೀರೆ ಮತ್ತು ಕೈಚೀಲಗಳಿಗೂ ವಿಸ್ತರಿಸಿದೆ. ಈ ವಿಸ್ತರಣೆಯಿಂದ ಕಸೂತಿಗೆ ಹೊಸ ಮಾರುಕಟ್ಟೆ ದೊರೆತಿದೆ. ಆದರೆ ಹೊಸ ಉಡುಪುಗಳಿಗೆ ಬಳಸುವ ಅನೇಕ ಬಟ್ಟೆಗಳಲ್ಲಿ ಎಳೆಗಳನ್ನು ಎಣಿಸಲು ಬರುವುದಿಲ್ಲ. ಆಧುನಿಕ ಕಸೂತಿ ಉಡುಪಿನ ಗುಣಮಟ್ಟ, ಬೆಲೆ ಮತ್ತು ಅಸಲಿತನದ ಬಹುಪಾಲು ಪ್ರಶ್ನೆಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಹೆಸರು ಮತ್ತು ಹಿನ್ನೆಲೆ

ಕೈ ಎಂಬ ಪದಕ್ಕೆ ನೂಲು ಎಂಬರ್ಥದ ‘ಸೂತಿ’ ಸೇರಿ ಕಸೂತಿ ಆಯಿತೆಂಬ ವಿವರಣೆ ಪ್ರಚಲಿತವಾಗಿದೆ. ಇಂದಿನ ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ವಿಶಾಲವಾದ ಅರ್ಥದಲ್ಲಿ ಬಟ್ಟೆಯ ಮೇಲಿನ ಯಾವುದೇ ದಾರದ ಅಲಂಕಾರವೂ ಕಸೂತಿಯೇ. ಲಖನೌದ ಚಿಕನ್‌ಕಾರಿಯನ್ನೂ, ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ ಚೂರು, ಕವಡೆಗಳನ್ನು ಕೂಡಿಸಿ ಮಾಡುವ ಕೆಲಸವನ್ನೂ ‘ಕಸೂತಿ’ ಎಂದೇ ಬರೆಯಲಾಗುತ್ತದೆ. ಸೀಮಿತವಾದ ಅರ್ಥದಲ್ಲಿ ಅದು ಧಾರವಾಡ ಸೀಮೆಯ ಎಣಿಕೆಯ ಹೊಲಿಗೆಗೆ ಮಾತ್ರ ಸಲ್ಲುತ್ತದೆ. ಅಂಗಡಿಯ ಚೀಟಿಯಲ್ಲಿ ‘ಕಸೂತಿ ಕುರ್ತಾ’ ಎಂದಿದ್ದರೆ ಅದು ಎರಡರಲ್ಲಿ ಯಾವುದೆಂದು ಆ ಹೆಸರಿನಿಂದಲೇ ತಿಳಿಯುವುದಿಲ್ಲ. ಮಾರಾಟಗಾರನು ಸುಳ್ಳು ಹೇಳದೆಯೂ ಕೊಳ್ಳುವವರು ತಪ್ಪು ತಿಳಿಯುವ ಅವಕಾಶ ಇಲ್ಲಿದೆ. ಈ ಲೇಖನದಲ್ಲಿ ಕಸೂತಿ ಎಂಬ ಪದವನ್ನು ಎರಡನೆಯ ಅರ್ಥದಲ್ಲಿ ಬಳಸಲಾಗಿದೆ.

ಕಲೆಯ ಮೂಲವನ್ನು ಚಾಲುಕ್ಯರ ಕಾಲದವರೆಗೆ ಒಯ್ಯುವ ವಾಡಿಕೆ ಇದೆ. ಹಳೆಯ ಬಟ್ಟೆ ನಮ್ಮ ಹವೆಯಲ್ಲಿ ಬಹುಕಾಲ ಉಳಿಯುವಂಥದಲ್ಲವಾದ್ದರಿಂದ, ಪರಂಪರೆಗೆ ಹೆಚ್ಚು ದೃಢವಾದ ಆಧಾರವು ಮನೆಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಸೀರೆಗಳೂ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಚಿತ್ತಾರಗಳ ನೆನಪೂ ಆಗಿವೆ. ಮದುವೆಯಲ್ಲಿ ಹೆಣ್ಣಿಗೆ ಕೊಡುವ ಸೀರೆಗಳಲ್ಲಿ ‘ಚಂದ್ರಕಾಳಿ’ ಎಂಬ ಕಪ್ಪು ಸೀರೆಗೆ ವಿಶೇಷ ಸ್ಥಾನವಿತ್ತು. ಅದರ ಮೇಲೆ ಬಿಳಿ, ಕೆಂಪು, ಕಿತ್ತಳೆ, ಹಸಿರು ದಾರಗಳ ಕೆಲಸ ಎದ್ದು ಕಾಣುತ್ತಿತ್ತು. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ, ಪಲ್ಲಕ್ಕಿ, ತೊಟ್ಟಿಲು, ನವಿಲು, ಗಿಳಿ, ನಂದಿ ಮೊದಲಾದವು ಹಳೆಯ ಚಿತ್ತಾರಗಳು. ಸೆರಗಿನ ಬಳಿ ದೊಡ್ಡ ಚಿತ್ತಾರಗಳನ್ನು ಹಾಕಿ, ಸೀರೆಯ ಒಡಲಿನತ್ತ ಸರಿದಂತೆ ಅವುಗಳನ್ನು ಚಿಕ್ಕದಾಗಿಸುತ್ತಾ ಹೋಗುವುದು ರೂಢಿ.

ಹೊಲಿಗೆಗಳು

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಅವುಗಳಲ್ಲಿ ಗವಂತಿ ಮುಖ್ಯವಾದುದು. ಗಂಟು ಎಂಬುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ವಿಚಿತ್ರವೆಂದರೆ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದೇ ಇಲ್ಲ. ಸೂಜಿಯು ಒಂದು ಹೊಲಿಗೆಯನ್ನು ಬಟ್ಟೆಯ ಮೇಲೆ, ಮುಂದಿನದನ್ನು ಬಟ್ಟೆಯ ಕೆಳಗೆ ಹಾಕುತ್ತಾ ಹೋಗುತ್ತದೆ. ಮರಳಿ ಬರುವಾಗ ಅದೇ ದಾರಿಯಲ್ಲಿ ಬಿಟ್ಟುಹೋದ ಜಾಗಗಳನ್ನು ತುಂಬುತ್ತದೆ. ಕೆಲಸ ಮುಗಿದಾಗ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ತಾರ ಇರುತ್ತದೆ. ಯುರೋಪಿನಲ್ಲಿ ಇದೇ ಹೊಲಿಗೆಗೆ 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿದೆ. ಅವನು ಬರೆದ ಭಾವಚಿತ್ರಗಳಲ್ಲಿನ ಉಡುಪುಗಳ ಮೇಲೆ ಅಂಥ ಕೆಲಸ ಕಾಣುತ್ತದೆ.

ಗವಂತಿಯ ಹಿಂದೆ ಅಡಗಿರುವ ಗಣಿತವು ಗಮನಾರ್ಹ. ತೇರಿನ ಚಿತ್ತಾರದಲ್ಲಿ ಕಳಸ, ಚಕ್ರ, ಪತಾಕೆ ಎಂದು ಹತ್ತಾರು ಕವಲುಗಳಿರುತ್ತವೆ. ಹೊರಟ ಸೂಜಿ ಪ್ರತಿಯೊಂದು ಕವಲನ್ನೂ ಹೊಕ್ಕು, ಅದರ ತುದಿ ಮುಟ್ಟಿ, ಬಂದ ದಾರಿಯಲ್ಲೇ ಹಿಂತಿರುಗಿ, ಕಡೆಗೆ ಹೊರಟ ಜಾಗಕ್ಕೇ ಬರಬೇಕು. ಪ್ರತಿ ಗೆರೆಯ ಮೇಲೂ ಎರಡು ಸಲ, ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ, ಹಾದಿರಬೇಕು. ಒಂದು ಗೆರೆಯನ್ನು ದಾಟಿ ಹೋಗಿ ಅದಕ್ಕೇ ಮರಳುವಷ್ಟರಲ್ಲಿ ನಡುವಿನ ಗೆರೆಗಳೆಲ್ಲ ಎರಡೆರಡು ಸಲ ಮುಗಿದಿರುತ್ತವೆ. ಆ ಹೊಲಿಗೆಗಳ ಸಂಖ್ಯೆ ಸಮಸಂಖ್ಯೆಯೇ ಆದ್ದರಿಂದ, ಮೊದಲು ಮೇಲೆ ಬಿದ್ದ ಹೊಲಿಗೆ ಮರಳುವಾಗ ತಾನಾಗಿಯೇ ಕೆಳಗೆ ಬೀಳುತ್ತದೆ. ಮುಚ್ಚಿದ ಚೌಕ ಬಂದಾಗಲೂ ಅದರ ಕೊನೆಯ ಬದಿಯನ್ನು ಒಂದು ಕುರುಡು ಕವಲೆಂದು ಎಣಿಸಿ ಹೋಗಿ ಬಂದರೆ ನಿಯಮ ಕೆಡುವುದಿಲ್ಲ. ಹೀಗೆ, ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ತಾರವನ್ನಾದರೂ ದಾರ ಕಡಿಯದೆ ಎರಡೂ ಬದಿಗೆ ಮೂಡಿಸಬಹುದು. ಶಾಲೆಯ ಮೆಟ್ಟಿಲನ್ನೇ ಹತ್ತದ ಅನೇಕ ಹೆಂಗಸರು ಈ ದಾರಿಯ ಲೆಕ್ಕವನ್ನು ಚಿತ್ರ ನೋಡಿದೊಡನೆ ಮನಸ್ಸಿನಲ್ಲೇ ಹಾಕಬಲ್ಲವರಾಗಿದ್ದರು.

ಮುರ್ಗಿಯೂ ಗವಂತಿಯಂತೆಯೇ ಎರಡೂ ಬದಿಗೆ ಒಂದೇ ತೆರನಾಗಿ ಕಾಣುವ ಹೊಲಿಗೆ. ಅದು ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿ ಸಾಗುತ್ತದೆ. ನೇಗಿಯು ನೇಯ್ಗೆಯನ್ನು ಹೋಲುತ್ತದೆ. ಉದ್ದ ಗಿಡ್ಡ ಹೊಲಿಗೆಗಳ ಸಾಲುಗಳಿಂದ ಚಿತ್ತಾರವಾಗುವುದರಿಂದ ಹಿಂಬದಿಯಲ್ಲಿ ಅದರ ತಿರುವುಮುರುವು ರೂಪ ಕಾಣುತ್ತದೆ. ಮೆಂತಿಯು ಮೆಂತ್ಯದ ಕಾಳಿನಂತೆ ಕಾಣುವ ಅಡ್ಡಗೀಟಿನ ಹೊಲಿಗೆ. ದಾರ ಹೆಚ್ಚು ಬೇಡುವ, ಭಾರವಾದ ಈ ಹೊಲಿಗೆಯನ್ನು ಚಿತ್ತಾರದ ಒಳಭಾಗವನ್ನು ತುಂಬಲು ಬಳಸುತ್ತಾರೆ. ಇದರ ಎರಡು ಬದಿಗಳು ಒಂದೇ ಆಗಿರುವುದಿಲ್ಲ. ಆದ್ದರಿಂದ ‘ಕಸೂತಿಯೆಂದರೆ ಎರಡೂ ಬದಿಗೆ ಒಂದೇ’ ಎಂಬ ಜನಪ್ರಿಯ ಮಾತು ಗವಂತಿ ಮತ್ತು ಮುರ್ಗಿಗಳಿಗೆ ಮಾತ್ರ ಪೂರ್ತಿ ಅನ್ವಯಿಸುತ್ತದೆ.

ಮೂಲ ಬಟ್ಟೆ ಮತ್ತು ಎಳೆಯ ಎಣಿಕೆ

ಪ್ರತಿ ಹೊಲಿಗೆಯೂ ನಿಗದಿಯಾದಷ್ಟು ಎಳೆಗಳನ್ನು ದಾಟಬೇಕು. ಅಡ್ಡ ಹೊಲಿಗೆ ಹಾಸಿನ ಎಳೆಗಳನ್ನೂ, ಉದ್ದ ಹೊಲಿಗೆ ಹೊಕ್ಕಿನ ಎಳೆಗಳನ್ನೂ ದಾಟುತ್ತದೆ. ಒಂದು ಬಟ್ಟೆಯಲ್ಲಿ ಅಂಗುಲಕ್ಕೆ 60 ಹಾಸಿನ ಎಳೆ, 48 ಹೊಕ್ಕಿನ ಎಳೆ ಇವೆಯೆಂದೂ, ಪ್ರತಿ ಹೊಲಿಗೆ 4 ಎಳೆ ದಾಟುತ್ತದೆಂದೂ ಇಟ್ಟುಕೊಳ್ಳೋಣ. ಅಡ್ಡಕ್ಕೆ 30, ಉದ್ದಕ್ಕೆ 30 ಹೊಲಿಗೆಗಳ ಚೌಕ ಚಿತ್ತಾರವು ಈ ಬಟ್ಟೆಯ ಮೇಲೆ 2 ಅಂಗುಲ ಅಗಲ, 2.5 ಅಂಗುಲ ಎತ್ತರವಾಗುತ್ತದೆ. ತುಳಸಿಕಟ್ಟೆ ತೆಳ್ಳಗೆ ನೀಳವಾಗಿ ಕಾಣುತ್ತದೆ. ಅಂದರೆ ಚಿತ್ತಾರದ ಆಕಾರವನ್ನು ಸೂಜಿ ಮಾತ್ರವಲ್ಲ, ಮಗ್ಗವೂ ನಿರ್ಧರಿಸುತ್ತದೆ. ಹಾಸು ಹೊಕ್ಕು ಸಮನಾಗಿರುವ, ಎಳೆಗಳು ಬಿಡಿಬಿಡಿಯಾಗಿ ಕಾಣುವ ಸಾದಾ ನೇಯ್ಗೆಯ ಕೈಮಗ್ಗದ ಬಟ್ಟೆಯು ಕಸೂತಿಗೆ ಅತ್ಯಂತ ಹೊಂದುತ್ತದೆ. ಇಳಕಲ್ಲಿನ ಹತ್ತಿ ಸೀರೆಯು ಈ ಕಲೆಯ ಸಹಜ ನೆಲೆಯಾದುದಕ್ಕೆ ನೆರೆಹೊರೆಯ ನಂಟಿನ ಜೊತೆಗೆ ಈ ಅನುಕೂಲವೂ ಕಾರಣ. ಕಲಿಯುವವರು ಮ್ಯಾಟಿ ಬಟ್ಟೆಯಿಂದ ಆರಂಭಿಸುವುದೂ ಅದರ ಚೌಕುಳಿಗಳು ಕಣ್ಣಿಗೆ ಎದ್ದು ಕಾಣುವುದರಿಂದಲೇ.

ಖಾದಿಯಲ್ಲಿ ನೂಲು ಒಮ್ಮೆ ದಪ್ಪ ಒಮ್ಮೆ ಸಣ್ಣ. ಎಣಿಸಲು ತೊಂದರೆಯಿಲ್ಲ, ಚಿತ್ತಾರದ ಅಳತೆ ಮಾತ್ರ ಅಲ್ಲಲ್ಲಿ ಹಿಗ್ಗಿ ಕುಗ್ಗುತ್ತದೆ. ಲಿನನ್ ಒಳ್ಳೆಯ ಆಯ್ಕೆ. ಡೆನಿಮ್‌ನಂತಹ ಓರೆ ನೇಯ್ಗೆಯಲ್ಲಿ ಎಳೆಗಳ ಸಾಲನ್ನು ಹಿಡಿಯುವುದು ಕಷ್ಟ. ಟೀ ಶರ್ಟಿನ ಬಟ್ಟೆ ನೇಯ್ದದ್ದೇ ಅಲ್ಲ, ಕುಣಿಕೆಗಳನ್ನು ಹೆಣೆದದ್ದು. ಅದರಲ್ಲಿ ಹಾಸು ಹೊಕ್ಕುಗಳೇ ಇಲ್ಲದಿರುವುದರಿಂದ ಎಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಹೆಚ್ಚು ತಿರುಚಿದ ನೂಲಿನ ಕ್ರೇಪ್ ರೇಷ್ಮೆ ಮತ್ತು ಜಾರ್ಜೆಟ್ಟಿನಲ್ಲಿ ಎಳೆಗಳು ಬರಿಗಣ್ಣಿಗೆ ನಿಲುಕುವುದಿಲ್ಲ.

ಇಂತಹ ಬಟ್ಟೆಗಳ ಮೇಲೆ ಕಸೂತಿ ಹಾಕಲು ಕ್ಯಾನ್ವಾಸ್ ಎಂಬ ಬಲೆಯಂತಹ ಬಟ್ಟೆಯನ್ನು ಬಳಸುತ್ತಾರೆ. ಅದನ್ನು ಮೂಲ ಬಟ್ಟೆಯ ಮೇಲಿಟ್ಟು ದೊಡ್ಡ ಹೊಲಿಗೆಯಿಂದ ತಾತ್ಕಾಲಿಕವಾಗಿ ಜೋಡಿಸಿ, ಅದರ ಕಣ್ಣುಗಳನ್ನು ಎಣಿಸಿ ಎರಡೂ ಪದರಗಳ ಮೂಲಕ ಹೊಲಿಯಲಾಗುತ್ತದೆ. ಕೆಲಸ ಮುಗಿದ ಬಳಿಕ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇದೂ ಕೈಕೆಲಸವೇ, ಎಣಿಕೆಯ ಕೆಲಸವೇ. ಆದರೆ ಎಣಿಕೆಯು ಮೂಲ ಬಟ್ಟೆಯದ್ದಲ್ಲ. ಕ್ಯಾನ್ವಾಸ್ ಹೊರಬಂದ ಮೇಲೆ ಅದರ ದಪ್ಪದಷ್ಟು ಹೊಲಿಗೆ ಸಡಿಲವಾಗುವುದರಿಂದ, ಕೈ ಬಿಗಿ ಸಾಲದಿದ್ದರೆ ದಾರ ಬಟ್ಟೆಯಿಂದ ಎದ್ದು ನಿಲ್ಲುತ್ತದೆ. ಮೂರನೆಯ ದಾರಿ, ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚಿಳಿಸಿಕೊಂಡು ಗೆರೆಯ ಮೇಲೆ ಹೊಲಿಯುವುದು. ಇದನ್ನು ಕಸೂತಿಯ ಚಿತ್ತಾರವುಳ್ಳ ಸಾಮಾನ್ಯ ಹೆಣಿಗೆ ಎನ್ನುವುದೇ ಸರಿ.

ಸೀರೆಯಿಂದ ಇತರ ಉಡುಪುಗಳಿಗೆ

ಸೆರಗು ಉದ್ದನೆಯ, ಸಮತಲವಾದ, ಕತ್ತರಿ ತಾಗದ ಹರಹು. ಹೊಲಿದ ಉಡುಪಿನಲ್ಲಿ ಅಂತಹ ಜಾಗ ಕಡಿಮೆ. ಆದ್ದರಿಂದ ಕುರ್ತಾಗಳಲ್ಲಿ ಕಸೂತಿಯು ಎದೆಯ ಪಟ್ಟಿ, ತೋಳಿನ ತುದಿ ಮತ್ತು ಕೆಳಅಂಚುಗಳಿಗೆ ಸರಿದಿದೆ. ದೇವಾಲಯದ ಗೋಪುರ, ತೇರುಗಳಂತಹ ದೊಡ್ಡ ಚಿತ್ತಾರಗಳಿಗಿಂತ ಪುಟ್ಟ ಹೂ, ನಕ್ಷತ್ರ, ಚೌಕುಳಿಗಳೇ ಹೆಚ್ಚು ಕಾಣುತ್ತವೆ. ಬಟ್ಟೆಯನ್ನು ಕತ್ತರಿಸಿ ಹೊಲಿದ ಮೇಲೆ ಕಸೂತಿ ಹಾಕುವುದು ಕಷ್ಟವಾದ್ದರಿಂದ, ಉಡುಪಿನ ಆಕಾರವನ್ನು ಗುರುತು ಮಾಡಿದ ಬಟ್ಟೆಯ ಮೇಲೆ ಮೊದಲು ಕಸೂತಿ, ಆಮೇಲೆ ದರ್ಜಿಯ ಕೆಲಸ. ಕುತ್ತಿಗೆಯ ದುಂಡು ತಿರುವಿನಲ್ಲಿ ಎಳೆಗಳು ಓರೆಯಾಗುವುದರಿಂದ ಅಲ್ಲಿ ಚಿತ್ತಾರವನ್ನು ಮೆಟ್ಟಿಲಾಗಿ ಇಳಿಸಬೇಕಾಗುತ್ತದೆ. ಹೊಸ ಉಡುಪುಗಳಲ್ಲಿ ಕಸೂತಿಗೆ ಅತ್ಯಂತ ಹೊಂದಿಕೊಂಡಿರುವುದು ದುಪಟ್ಟಾ. ಅದೂ ಸೆರಗಿನಂತೆ ಕತ್ತರಿಸದ ಬಟ್ಟೆ, ಮತ್ತು ಹೊದ್ದಾಗ ಎರಡೂ ಬದಿ ಕಾಣುತ್ತದೆ.

ಬಣ್ಣದ ರೂಢಿಯೂ ಬದಲಾಗಿದೆ. ಗಾಢ ಬಣ್ಣದ ಬಟ್ಟೆಯ ಮೇಲೆ ಹಲವು ಉಜ್ವಲ ದಾರಗಳ ಬದಲು ಬಿಳಿ, ಕೆನೆ ಅಥವಾ ಬೂದು ಬಟ್ಟೆಯ ಮೇಲೆ ಒಂದೇ ಬಣ್ಣದ ದಾರ ಬಳಸುವುದು ಹೆಚ್ಚಿದೆ. ಹಿಂದೆ ಸೀರೆಯ ಅಂಚಿನಿಂದಲೋ ಸೆರಗಿನಿಂದಲೋ ಬಿಡಿಸಿಕೊಂಡ ರೇಷ್ಮೆ ಎಳೆಯೇ ಸಾಕಾಗುತ್ತಿತ್ತು. ಈಗ ಆರು ಎಳೆಯ ಹತ್ತಿದಾರದ ಲಡಿಗಳು ಎಲ್ಲೆಡೆ ಸಿಗುತ್ತವೆ. ಬೇಕಾದಷ್ಟು ಎಳೆ ಬಿಡಿಸಿಕೊಂಡು ಹೊಲಿಯಬಹುದು. ಗುಳೇದಗುಡ್ಡದ ಖಣವೂ ಇದೇ ಕಾಲದಲ್ಲಿ ಕುಪ್ಪಸದಿಂದ ಆಚೆ ಬಂದು ಕುರ್ತಾ, ಜಾಕೆಟ್ಟು, ಚೀಲಗಳಲ್ಲಿ ಕಾಣಿಸಿಕೊಂಡಿದೆ. ಖಣದ ನೇಯ್ಗೆಯಲ್ಲೇ ಚಿಕ್ಕ ಚಿತ್ತಾರಗಳಿರುವುದರಿಂದ ಅದರ ಮೇಲೆ ಕಸೂತಿಯ ಅಗತ್ಯ ಕಡಿಮೆ. ಖಣದ ಅಂಚುಕಟ್ಟಿದ ಸಾದಾ ಬಟ್ಟೆಯ ಮೇಲೆ ಕಸೂತಿ ಹಾಕುವುದು ಎರಡನ್ನೂ ಕೂಡಿಸುವ ಹದವಾದ ಕ್ರಮ.

ಋತು ಮತ್ತು ಹಬ್ಬಗಳ ಖರೀದಿ

ಬೇಸಗೆಗೆ ತೆಳು ಹತ್ತಿ, ಖಾದಿ ಅಥವಾ ಲಿನನ್ನಿನ ಮೇಲೆ ಗವಂತಿ ಇಲ್ಲವೆ ಮುರ್ಗಿಯ ಬಿಡಿ ಚಿತ್ತಾರಗಳುಳ್ಳ ಉಡುಪು ಸೂಕ್ತ. ಈ ಹೊಲಿಗೆಗಳು ಬಟ್ಟೆಗೆ ಭಾರ ಕೊಡುವುದಿಲ್ಲ, ಗಾಳಿಯಾಡುವುದನ್ನೂ ತಡೆಯುವುದಿಲ್ಲ. ಒಳಗೆ ಗಂಟುಗಳಿಲ್ಲದ್ದರಿಂದ ಬೆವರಿದ ಮೈಗೆ ಚುಚ್ಚುವುದೂ ಇಲ್ಲ. ಮೆಂತಿ ತುಂಬಿದ ಕೆಲಸವನ್ನು ತಂಪು ದಿನಗಳಿಗೂ ರೇಷ್ಮೆಗೂ ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಗಾಢ ಬಣ್ಣದ ದಾರವುಳ್ಳ ಬಿಳಿ ಉಡುಪಿನ ವಿಷಯದಲ್ಲಿ ಎಚ್ಚರ ಬೇಕು. ಒದ್ದೆಯಾಗಿ ಬಹಳ ಹೊತ್ತು ಉಳಿದರೆ ಪಕ್ಕಾ ಅಲ್ಲದ ಬಣ್ಣ ಹರಡುತ್ತದೆ. ಕೊಂಡ ಕೂಡಲೇ ಒಳಬದಿಯ ದಾರವನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒತ್ತಿ ನೋಡಿದರೆ ಬಣ್ಣ ಬಿಡುವುದೋ ಇಲ್ಲವೋ ಗೊತ್ತಾಗುತ್ತದೆ. ಒಗೆಯುವಾಗ ತಣ್ಣೀರು, ಒಣಗಿಸಲು ನೆರಳು, ಇಸ್ತ್ರಿಗೆ ಹಿಂಬದಿ.

ಉತ್ತರ ಕರ್ನಾಟಕದಲ್ಲಿ ಸೀರೆ ಕೊಳ್ಳುವ ಸಂದರ್ಭಗಳು ನಾಗರಪಂಚಮಿಗೆ ಮಗಳು ತವರಿಗೆ ಬರುವುದರಿಂದ ಆರಂಭವಾಗಿ ಗಣೇಶನ ಹಬ್ಬ, ದಸರಾ, ದೀಪಾವಳಿಗಳ ಮೂಲಕ ಮದುವೆಯ ದಿನಗಳವರೆಗೆ ಸಾಗುತ್ತವೆ. ಬಸುರಿಗೆ ಮಾಡುವ ಕುಬುಸದ ಕಾರ್ಯಕ್ಕೂ, ತೊಟ್ಟಿಲ ಕಾರ್ಯಕ್ಕೂ ಕಸೂತಿಯ ಸೀರೆ, ಕುಂಚಿಗೆ, ಕುಲಾವಿಗಳಿಗೆ ಬೇಡಿಕೆ ಉಳಿದಿದೆ. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. 1905ರ ಸ್ವದೇಶಿ ಚಳವಳಿಯ ಆರಂಭದ ನೆನಪಿಗೆ ಆ ದಿನವನ್ನು ಆರಿಸಲಾಯಿತು. ಆ ಸುಮಾರಿಗೆ ನಡೆಯುವ ಕೈಮಗ್ಗದ ಮೇಳಗಳೂ, ಗಾಂಧಿ ಜಯಂತಿಯ ಹೊತ್ತಿಗೆ ಖಾದಿಗೆ ದೊರೆಯುವ ರಿಯಾಯಿತಿಯೂ ಮೂಲ ಬಟ್ಟೆ ಕೊಳ್ಳಲು ಅನುಕೂಲ.

ಆದರೆ ಹಬ್ಬದ ಮಾರುಕಟ್ಟೆಯ ವೇಗಕ್ಕೂ ಕಸೂತಿಯ ವೇಗಕ್ಕೂ ಹೊಂದಿಕೆಯಿಲ್ಲ. ಸೆರಗು ಒಡಲು ತುಂಬುವ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ದಸರೆಗೆ ಉಡಬೇಕಾದ ಸೀರೆಯನ್ನು ಬೇಸಗೆಯಲ್ಲೇ ಹೇಳಿರಬೇಕು. ಹಬ್ಬಕ್ಕೆ ಹದಿನೈದು ದಿನ ಇರುವಾಗ ‘ಯಾವ ಬಣ್ಣದಲ್ಲಿ ಬೇಕಾದರೂ, ಎಷ್ಟು ಬೇಕಾದರೂ’ ಎಂದು ಒದಗಿಸುವ ಮಾಲು ಬಹುಮಟ್ಟಿಗೆ ಯಂತ್ರದ್ದೇ ಆಗಿರುತ್ತದೆ. ಸಮಯ ಕಡಿಮೆಯಿದ್ದಾಗ ಸಿದ್ಧವಿರುವ ದುಪಟ್ಟಾ ಅಥವಾ ತೋಳಿನಂಚಿಗೆ ಮಾತ್ರ ಕೆಲಸವಿರುವ ಕುಪ್ಪಸವನ್ನು ಆರಿಸುವುದು ಹೆಚ್ಚು ಪ್ರಾಯೋಗಿಕ.

ಕೈಕೆಲಸವನ್ನು ಗುರುತಿಸುವ ಬಗೆ

ಕಸೂತಿಯನ್ನು ಹಿಂಬದಿಯಿಂದ ನೋಡಬೇಕು. ಯಂತ್ರವು ಎರಡು ದಾರಗಳಿಂದ ಹೊಲಿಯುತ್ತದೆ. ಮೇಲಿನದು ಬಣ್ಣದ ದಾರ, ಕೆಳಗಿನದು ಬಾಬಿನ್ನಿನ ದಾರ. ಬಾಬಿನ್ನಿನದು ಸಾಮಾನ್ಯವಾಗಿ ಬಿಳಿ ಅಥವಾ ಕಪ್ಪು ಬಣ್ಣದ್ದಾಗಿದ್ದು, ಹಿಂಬದಿಯಲ್ಲಿ ಎಲ್ಲ ಬಣ್ಣಗಳ ಚಿತ್ತಾರದ ಕೆಳಗೂ ಅದೇ ಕಾಣುತ್ತದೆ. ಬಟ್ಟೆ ಸುಕ್ಕಾಗದಿರಲೆಂದು ಅಂಟಿಸಿದ ಗಡುಸು ಹಾಳೆಯ ಚೂರುಗಳೂ ಅಲ್ಲಿ ಉಳಿದಿರುತ್ತವೆ. ಕೈಯ ಕಸೂತಿಯಲ್ಲಿ ಒಂದೇ ದಾರವಿರುವುದರಿಂದ ಹಿಂದೆಯೂ ಮುಂದಿನ ಬಣ್ಣವೇ ಇರುತ್ತದೆ. ಗಂಟಿನ ಬದಲು ದಾರದ ತುದಿ ಹೊಲಿಗೆಗಳ ಅಡಿಯಲ್ಲಿ ಸೇರಿಹೋಗಿರುತ್ತದೆ. ಸಾಲಿನ ಹತ್ತು ನವಿಲುಗಳಲ್ಲಿ ಒಂದರ ಬಾಲ ಒಂದೆಳೆ ಆಚೀಚೆ ಇರುವುದೂ ಉಂಟು. ಅಚ್ಚು ಹಾಕಿದ ಕಸೂತಿ ಚಿತ್ತಾರವನ್ನು ಬೆರಳಿನಿಂದ ಮುಟ್ಟಿದರೆ ಸಾಕು.

ಸಿದ್ಧ ಉಡುಪುಗಳಲ್ಲಿ ಹಿಂಬದಿಗೆ ಅಸ್ತರು ಹಾಕಿ ಹೊಲಿದಿರುತ್ತಾರೆ. ಅಸ್ತರು ಇರುವುದೇ ಮೋಸದ ಗುರುತಲ್ಲ, ಆದರೆ ಅದು ನೋಡಬೇಕಾದ್ದನ್ನು ಮರೆಮಾಡುತ್ತದೆ. ತೋಳಿನ ತುದಿಯ ಮಡಿಕೆಯಲ್ಲೋ ಪಕ್ಕದ ಹೊಲಿಗೆಯ ಬಳಿಯೋ ಇಣುಕಿ ನೋಡಬಹುದು. ಜಾಲತಾಣಗಳಲ್ಲಿ ಕೊಳ್ಳುವವರು, ಹೊರದೇಶಗಳ ಕನ್ನಡಿಗರೂ ಸೇರಿ, ಹಿಂಬದಿಯ ಚಿತ್ರವನ್ನು ಕೇಳಿ ಪಡೆಯುವುದು ಸೂಕ್ತ.

ಪ್ರಮಾಣ ಚಿಹ್ನೆಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಬಟ್ಟೆಯು ಶುದ್ಧ ರೇಷ್ಮೆಯೆಂದು ಹೇಳುತ್ತದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯಲಾಗಿದೆಯೆಂದು ಹೇಳುತ್ತದೆ. ಬಟ್ಟೆಯ ಮೇಲಿನ ಹೊಲಿಗೆ ಕೈಯದೋ ಯಂತ್ರದ್ದೋ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಕೈಮಗ್ಗದ ಸೀರೆಯ ಮೇಲೆ ಯಂತ್ರದ ಕಸೂತಿ ಹಾಕಿ ಮಾರಿದರೂ ಆ ಚಿಹ್ನೆ ಸುಳ್ಳಾಗುವುದಿಲ್ಲ. ಕಸೂತಿಗೆ ಪ್ರತ್ಯೇಕವಾಗಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದ್ದು, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ನಿಗಮದ ಮಳಿಗೆಗಳು ‘ಕಾವೇರಿ’ ಎಂಬ ಹೆಸರಿನಲ್ಲಿ ನಡೆಯುತ್ತವೆ. ಇಳಕಲ್ ಸೀರೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಬೇರೆ ಬೇರೆ ಮಾನ್ಯತೆಗಳಿವೆ.

ಕಸೂತಿ ಹಾಕುವವರು

ಕಸೂತಿಯು ಬಹುತೇಕ ಹೆಂಗಸರು ಮನೆಯಲ್ಲೇ ಕುಳಿತು, ಅಡುಗೆ ಹೊಲಮನೆಗಳ ಕೆಲಸದ ನಡುವಿನ ಬಿಡುವಿನಲ್ಲಿ ಮಾಡುವ ಕೆಲಸ. ಮನೆಯ ಬಳಕೆಗಾಗಿ ಮಾಡುತ್ತಿದ್ದಾಗ ಇದಕ್ಕೆ ಬೆಲೆ ಕಟ್ಟುವ ಪ್ರಸಂಗವೇ ಇರಲಿಲ್ಲ. ಮಾರುಕಟ್ಟೆಗೆ ಬಂದ ಮೇಲೆ ಸಂಘಟಕರು ಬಟ್ಟೆ ದಾರಗಳನ್ನು ಒದಗಿಸಿ, ಮುಗಿದ ಕೆಲಸಕ್ಕೆ ತುಂಡಿನ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿ ಬೆಳೆಯಿತು. ತುಂಡಿನ ಲೆಕ್ಕದಲ್ಲಿ ಎಣಿಕೆಗೆ ಹಿಡಿಯುವ ಸಮಯ ಕಾಣುವುದಿಲ್ಲ. ಒಂದೇ ಅಳತೆಯ ನವಿಲನ್ನು ಒರಟು ಮ್ಯಾಟಿಯ ಮೇಲೆ ಹಾಕಿದರೂ ಸಣ್ಣೆಳೆಯ ಸೀರೆಯ ಮೇಲೆ ಹಾಕಿದರೂ ಅದು ಒಂದು ನವಿಲೇ. ಎರಡನೆಯದರಲ್ಲಿ ಹೊಲಿಗೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚು. ಕೂಲಿಯನ್ನು ಹೊಲಿಗೆಯ ಸಾಂದ್ರತೆಗೆ ತಕ್ಕಂತೆ ನಿಗದಿ ಮಾಡದಿದ್ದರೆ ಹಾಕುವವರು ಒರಟು ಬಟ್ಟೆಯತ್ತಲೇ ವಾಲುತ್ತಾರೆ. ಮಾರುಕಟ್ಟೆಯಲ್ಲಿ ಸೂಕ್ಷ್ಮ ಕೆಲಸ ವಿರಳವಾಗಲು ಕೌಶಲ ಕುಂದಿದ್ದಕ್ಕಿಂತ ಈ ಲೆಕ್ಕವೇ ಹೆಚ್ಚಿನ ಕಾರಣವೆನ್ನಬಹುದು.

ಕಣ್ಣಿನ ಶ್ರಮವೂ ದೊಡ್ಡದು. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಹಗಲ ಬೆಳಕೇ ಬೇಕು. ಪರಂಪರೆಯಲ್ಲಿ ಅತ್ಯಂತ ಮಾನ್ಯವಾದ ಚಂದ್ರಕಾಳಿಯೇ ಹಾಕುವವರಿಗೆ ಅತ್ಯಂತ ದುಬಾರಿಯಾದ ಸೀರೆ. ನಲವತ್ತರ ನಂತರ ಹತ್ತಿರದ ದೃಷ್ಟಿ ಮಂದವಾಗುವುದರಿಂದ, ಕೈ ಪಳಗಿದ ವಯಸ್ಸಿನಲ್ಲೇ ಅನೇಕರು ಇಂತಹ ಕೆಲಸವನ್ನು ಬಿಡಬೇಕಾಗುತ್ತದೆ. ಕನ್ನಡಕ ಮತ್ತು ದೀಪದ ಖರ್ಚು ಕೂಲಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ.

ಹಿಂದೆ ಚಿತ್ತಾರಗಳು ಬರಹದಲ್ಲಿ ಇರಲಿಲ್ಲ. ಹಳೆಯ ಸೀರೆಯೇ ಮಾದರಿ. ಗ್ರಾಫ್ ಹಾಳೆಯಲ್ಲಿ ಅವುಗಳನ್ನು ಇಳಿಸುವ ರೂಢಿ ಬಂದಮೇಲೆ, ಪರಂಪರೆಯ ಮನೆಗಳ ಹೊರಗಿನವರಿಗೂ ಕಲಿಯಲು ಸಾಧ್ಯವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪು ವಿನ್ಯಾಸದ ಅಧ್ಯಯನದ ಭಾಗವಾಗಿ ಕಸೂತಿಯ ಚಿತ್ತಾರಗಳನ್ನು ದಾಖಲಿಸುವ, ಗಣಕಯಂತ್ರದ ನೆರವಿನಿಂದ ಹೊಂದಿಸುವ ಕೆಲಸ ನಡೆದಿದೆ. ಹಾಳೆಯ ಮೇಲಿನ ಚಿತ್ತಾರವು ಆಕಾರವನ್ನು ಕಾಪಾಡುತ್ತದೆ. ಸೂಜಿ ಎಲ್ಲಿಂದ ಹೊರಟು ಯಾವ ಕವಲನ್ನು ಮೊದಲು ಹೊಕ್ಕು ಹೇಗೆ ಮರಳಬೇಕೆಂಬ ದಾರಿಯನ್ನು ಅದು ತೋರಿಸುವುದಿಲ್ಲ. ಅದನ್ನು ಈಗಲೂ ಪಕ್ಕದಲ್ಲಿ ಕುಳಿತು ಕಲಿಯಬೇಕಾಗುತ್ತದೆ.